ಶಿರಸಿಯ ಸ್ಟುಡಿಯೋಗೆ ಡಬ್ಲ್ಯೂಡಿ ರೆಡ್ ಪ್ಲಸ್

ಮದುವೆ ಫೋಟೋ ಕಳೆದುಹೋದರೆ ಮತ್ತೆ ತೆಗೆಯೋಕಾಗಲ್ಲ, ಅಲ್ವಾ? ಅದಕ್ಕೇ ಶಿರಸಿಯ ನಮ್ಮ ಸ್ಟುಡಿಯೋ ಸರ್ವರ್‌ಗೆ ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯ ರೆಡ್ ಪ್ಲಸ್ 4 ಟಿಬಿ ಹಾರ್ಡ್ ಡ್ರೈವ್ ಜೋಡಿ ಹಾಕಿದ್ದೇನೆ. ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುತ್ತದೆ.

ಕೊಳ್ಳುವಾಗ ಲೇಬಲ್ ಮೇಲೆ ‘ಪ್ಲಸ್’ ಇದೆಯಾ ಅಂತ ನೋಡಲೇಬೇಕು. ಬರೀ ರೆಡ್‌ನ 2ರಿಂದ 6 ಟಿಬಿ ಡ್ರೈವ್‌ಗಳು ಎಸ್‌ಎಂಆರ್. ಅಂದರೆ ಅವುಗಳಲ್ಲಿ ಡೇಟಾ ಬರೆಯುವ ಸಾಲುಗಳು (ಟ್ರ್ಯಾಕ್‌ಗಳು) ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದು ಕಡೆ ತಿದ್ದಿದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಕೆಟ್ಟ ಡ್ರೈವ್ ಬದಲಿಸಿ ರೇಡ್ (ಡ್ರೈವ್‌ಗಳ ಇಂಥ ಜೋಡಣೆ) ಮತ್ತೆ ಕಟ್ಟುವಾಗ ಇದಕ್ಕೆ ತುಂಬಾ ಜಾಸ್ತಿ ಹೊತ್ತು ಹಿಡಿಯುತ್ತದೆ. ಪ್ಲಸ್ ಸಿಎಂಆರ್, ಅಂದರೆ ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರುವುದಿಲ್ಲ, ಆ ತಲೆಬಿಸಿ ಇಲ್ಲ.

ಸದ್ದು ಕಡಿಮೆ. ವಾರಂಟಿ 3 ವರ್ಷ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಮಾಮೂಲು, ಯುಪಿಎಸ್ ಇಲ್ಲದೆ ಮಾತ್ರ ಓಡಿಸಬೇಡಿ.