ಗಣಿಕೆಯೋ ಕವಳೆಯೋ: ಲ್ಯಾಬಿನ ಬಾಟಲಿಯಲ್ಲಿ ಯಾವುದು ವಾಸಿ?

ಟಿಶ್ಯೂ ಕಲ್ಚರ್ (ಗಿಡದ ಚೂರನ್ನು ಲ್ಯಾಬಿನ ಬಾಟಲಿಯಲ್ಲಿ ಬೆಳೆಸುವುದು) ಅಂದರೆ ನಮ್ಮ ಮೈಸೂರು, ಮಂಡ್ಯ ಕಡೆ ಮೊದಲು ನೆನಪಾಗುವುದು ಬಾಳೆ ಸಸಿ. ನನಗೆ ಬೇಕಿದ್ದದ್ದು ಸಸಿಯಲ್ಲ, ಕಾಡುಹಣ್ಣಿನ ಬಣ್ಣ ಮತ್ತು ಔಷಧಿ ಅಂಶ. ಅದಕ್ಕೇ ಮೈಸೂರಿನ ಲ್ಯಾಬಿನಲ್ಲಿ ಎರಡು ಗಿಡ ಹಾಕಿ ನೋಡಿದೆ. ಒಂದು ಮಂಡ್ಯದ ಗದ್ದೆ ಬದುವಿನ ಗಣಿಕೆ, ಇನ್ನೊಂದು ನಂಜನಗೂಡಿನ ಹೊಲದ ಬೇಲಿಯ ಕವಳೆ.

ಎರಡಕ್ಕೂ ಎಂಎಸ್ ಮೀಡಿಯಾವೇ, ಅಂದರೆ ಚೂರು ಬೆಳೆಯಲು ಬೇಕಾದ ಪೋಷಕಾಂಶಗಳ ಮಿಶ್ರಣ. ಲೀಟರಿಗೆ 30 ಗ್ರಾಂ ಸಕ್ಕರೆ, ಪಿಎಚ್ 5.8. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಇದನ್ನು ಪ್ರಕಟಿಸಿದ್ದು ಹೊಗೆಸೊಪ್ಪಿನ ಅಂಗಾಂಶಕ್ಕಾಗಿ. ಗಣಿಕೆಯೂ ಅದೇ ಕುಟುಂಬದ್ದು. ಅದರ ಎಲೆ ಚೂರಿಗೆ 2,4-ಡಿ ಎಂಬ ಹಾರ್ಮೋನು ಸಿಕ್ಕಿದರೆ ಸಾಕು, ಕ್ಯಾಲಸ್ (ಆಕಾರವಿಲ್ಲದ ಕೋಶಗಳ ಮುದ್ದೆ) ಉಬ್ಬಿಕೊಂಡು ಬರುತ್ತದೆ.

ಕವಳೆ ಹಾಗಲ್ಲ, ಸತಾಯಿಸುತ್ತದೆ. ಕತ್ತರಿಸಿದರೆ ಹಾಲು ಸುರಿಯುತ್ತದೆ. ಆಮೇಲೆ ಗಿಡದೊಳಗಿನ ಫೀನಾಲು ಎಂಬ ರಾಸಾಯನಿಕಗಳು ಗಾಳಿಗೆ ಸಿಕ್ಕಿ, ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಚೂರು ಕಪ್ಪಾಗುತ್ತದೆ. ಸುತ್ತಲಿನ ಅಗರ್ (ಮೀಡಿಯಾವನ್ನು ಗಟ್ಟಿ ಮಾಡುವ ಜೆಲ್ಲಿ) ಕೂಡ ಕಂದು. ಇದ್ದಿಲ ಪುಡಿ ಹಾಕಿದರೆ ಕಪ್ಪು ಕಡಿಮೆಯಾಗುತ್ತದೆ ನಿಜ, ಆದರೆ ಅದು ಹಾರ್ಮೋನನ್ನೂ ಹೀರಿಕೊಳ್ಳುತ್ತದೆ. ಆಸ್ಕಾರ್ಬಿಕ್ ಆಮ್ಲದ (ವಿಟಮಿನ್ ಸಿ) ನೀರಲ್ಲಿ ಅದ್ದಿ, ಬೇಗ ಬೇಗ ಹೊಸ ಮೀಡಿಯಾಕ್ಕೆ ಬದಲಾಯಿಸಿದ್ದೇ ವಾಸಿ ಅನ್ನಿಸಿತು. ಬಲಿತ ಕಡ್ಡಿ ಬೇಡ, ಎಳೆ ಚಿಗುರಿನ ಗೆಣ್ಣು ತಗೊಳ್ಳಿ. ಚಿಗುರೊಡೆಸುವ ಹಾರ್ಮೋನು ಬಿಎಪಿ ಕೊಟ್ಟ ಮೇಲೆ ಗೆಣ್ಣು ಚಿಗುರಿತು, ಕ್ಯಾಲಸ್ ಮಾತ್ರ ಮೊಂಡು ಹಿಡಿದು ಕೂತಿತು.

ಹಾಗಾದರೆ ಗಣಿಕೆ ಗೆದ್ದಿತಾ? ತೂಕದಲ್ಲಿ ಗೆದ್ದಿತು, ಬಣ್ಣದಲ್ಲಿ ಇಲ್ಲ. ಗಣಿಕೆ ಹಣ್ಣಿನ ಕಪ್ಪು, ನೇರಳೆ ಬಣ್ಣ ಕೊಡುವ ಅಂಶವಾದ ಆಂಥೋಸಯನಿನ್‌ನದು. ಎಲೆಯಿಂದ ಬಂದ ಕ್ಯಾಲಸ್ ಸುಮ್ನೆ ಬಿಳಿಚಿಕೊಂಡೇ ಇತ್ತು. ದಿನಕ್ಕೆ 16 ಗಂಟೆ ಬೆಳಕಿನಲ್ಲಿಟ್ಟವುಗಳಲ್ಲಿ ಅಲ್ಲಲ್ಲಿ ನೇರಳೆ ಚುಕ್ಕೆ ಕಂಡಿತು, ಅಷ್ಟೇ. ಬೇಗ ಬೆಳೆಯುವ ಕೋಶ ಬೆಳೆಯುವುದರಲ್ಲೇ ಮುಳುಗಿರುತ್ತದೆ, ಇಂಥ ಅಂಶ ಕೂಡಿಡುವುದು ಸಾಮಾನ್ಯವಾಗಿ ಬೆಳವಣಿಗೆ ನಿಧಾನವಾದ ಮೇಲೆ. ಇನ್ನೊಂದು ತಲೆನೋವೂ ಇದೆ. ಗಣಿಕೆಯ ಹಸಿರು ಕಾಯಲ್ಲಿ ಸೊಲನಿನ್ ಥರದ ವಿಷ ಇರುತ್ತದೆ. ಬಸ್ಸಾರಿಗೆ ಹಾಕುವ ಸೊಪ್ಪು ತಾನೇ ಅಂತ ಕ್ಯಾಲಸ್ ಸಾರವನ್ನು ಪರೀಕ್ಷೆ ಮಾಡದೆ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ.

ಎಂಎಸ್ಸಿ ಪ್ರಾಜೆಕ್ಟಿಗೆ ಇವೆರಡರಲ್ಲಿ ಒಂದನ್ನು ಆರಿಸುವುದಾದರೆ, ಸಮಯ ಕಡಿಮೆ ಅಲ್ವಾ, ಗಣಿಕೆಯನ್ನೇ ಹಿಡಿಯಿರಿ. ಮೊದಲು ಕ್ಯಾಲಸ್ ಬೆಳೆಸಿಕೊಳ್ಳಿ, ಆಮೇಲೆ ಮೀಡಿಯಾದಲ್ಲಿ ನೈಟ್ರೋಜನ್ ಇಳಿಸಿ, ಸಕ್ಕರೆ ಏರಿಸಿ, ಬೆಳಕಿಗಿಡಿ. ಕವಳೆಗೆ ಕೈ ಹಾಕುವುದಾದರೆ ಕ್ಯಾಲಸ್ ಆಸೆ ಬಿಟ್ಟು ಚಿಗುರನ್ನೇ ಹೆಚ್ಚಿಸಿ, ಆ ಎಲೆಯ ಸಾರ ತೆಗೆದು ನೋಡಿ.