ಹಗಲಿಗೆ ನಾಲ್ಕು ಸ್ಟಾರ್, ರಾತ್ರಿಗೆ ಒಂದೂ ಇಲ್ಲ

ಅಂಗಡಿಗೆ ಸಿಸಿಟಿವಿ ಕ್ಯಾಮೆರಾ ಕೂಡಿಸಿದ ಹುಡುಗ ಮೊನ್ನೆ ಬಂದು "ಸಾವ್ಕಾರ್ರೆ, ಒಂದು ರೇಟಿಂಗ್ ಕೊಡ್ರಿ" ಅಂದ. ಕೊಡುತ್ತೇನೆ, ತಗೋ.

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮದು ಅಡತ್ ಅಂಗಡಿ. 2017ರಲ್ಲಿ 18,500 ರೂಪಾಯಿ ಕೊಟ್ಟು ನಾಲ್ಕು ಕ್ಯಾಮೆರಾ, ವಿಡಿಯೊ ತುಂಬಿಟ್ಟುಕೊಳ್ಳುವ ಒಂದು ಡಿವಿಆರ್ ಪೆಟ್ಟಿಗೆ, ಅದರೊಳಗೆ 1 ಟಿಬಿ ಡಿಸ್ಕ್ ಹಾಕಿಸಿದೆ. ಹಗಲಿನಲ್ಲಿ ಚಿತ್ರ ಚೆನ್ನಾಗಿದೆ. ತೊಗರಿ ಚೀಲದ ಹೊಲಿಗೆ ಕೂಡ ಕಾಣುತ್ತದೆ. ಮೇ ತಿಂಗಳ ನಮ್ಮ ಊರ ಬಿಸಿಲಿಗೂ ಒಮ್ಮೆಯೂ ಕೆಟ್ಟಿಲ್ಲ. ಅದಕ್ಕೇ ನಾಲ್ಕು ಸ್ಟಾರ್.

ಇನ್ನು ರಾತ್ರಿಯ ಮಾತು. 2019ರ ಜನವರಿ, ತೊಗರಿ ಸುಗ್ಗಿ. ರಾತ್ರಿ 8:10ಕ್ಕೆ ನಮ್ಮ ಮುನೀಮರು ಶಟರ್ ಎಳೆಯುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಅವರ ಕತ್ತು ಹಿಡಿದು, 1,85,000 ರೂಪಾಯಿ ಇದ್ದ ಚೀಲ ಕಿತ್ತುಕೊಂಡು ಹೋದರು. ನಾನು ಧೈರ್ಯವಾಗಿದ್ದೆ. ಕ್ಯಾಮೆರಾ ಇದೆಯಲ್ಲ!

ವಿಡಿಯೊ ಹಾಕಿ ನೋಡಿದರೆ ಕ್ಯಾಮೆರಾದ ಬೆಳಕು ಶಟರ್‌ಗೆ ಬಡಿದು ವಾಪಸ್ ಬಂದಿದೆ. ಇಬ್ಬರ ಮುಖವೂ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಬೈಕಿನ ನಂಬರ್ ಜಾಗದಲ್ಲಿ ಒಂದು ಹೊಳೆಯುವ ಪಟ್ಟಿ, ಅಷ್ಟೇ.

ಕರೆಂಟ್ ಹೋಗಿ ಬಂದು ಡಿವಿಆರ್ ಗಡಿಯಾರ 17 ನಿಮಿಷ ಮುಂದೆ ಓಡಿತ್ತು. ನಾವ್ಯಾರೂ ನೋಡಿರಲಿಲ್ಲ. ಪೊಲೀಸರು ಹಿಡಿದ ಇಬ್ಬರು ಆರೋಪಿಗಳ ವಕೀಲರು ಕೋರ್ಟಿನಲ್ಲಿ ನೋಡಿದರು. "8:25ಕ್ಕೆ ಠಾಣೆಯಲ್ಲಿದ್ದೆ ಅಂತೀರಿ. 8:27ಕ್ಕೆ ಅಂಗಡಿ ಬಾಗಿಲಲ್ಲಿ ನಿಂತವರು ಯಾರು?" ಮುನೀಮರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಪೊಲೀಸರು ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿದ್ದರು. ಹಾಗೆ ನಕಲು ಕೊಟ್ಟರೆ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ ಪ್ರಕಾರ, ಅದು ಯಾವ ಯಂತ್ರದಿಂದ ಹೇಗೆ ತೆಗೆದದ್ದು ಅಂತ ಹೇಳುವ ಒಂದು ಪ್ರಮಾಣಪತ್ರ ಬೇಕೇ ಬೇಕಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಖಡಕ್ಕಾಗಿ ಹೇಳಿದೆ. ನಮ್ಮದರಲ್ಲಿ ಆ ಕಾಗದವೇ ಇಲ್ಲ. ಮೂಲ ಡಿವಿಆರ್ ಅನ್ನೇ ತಂದಿಟ್ಟಿದ್ದರೆ ಕಾಗದ ಬೇಕಿರಲಿಲ್ಲವಂತೆ. ಆದರೆ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಎರಡು ವಾರಕ್ಕೇ ನಮ್ಮ ಕಳ್ಳರು ಅಳಿಸಿಹೋಗಿದ್ದರು. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ, ಅಲ್ವಾ?

ಎಲ್ಲ ತಪ್ಪೂ ಕ್ಯಾಮೆರಾದ್ದಲ್ಲ, ನಿಜ. ಗುರುತು ಹಿಡಿಸುವ ಪರೇಡ್ ನಡೆದಿರಲಿಲ್ಲ. ಐದು ವರ್ಷದ ಮೇಲೆ ಮುನೀಮರು ಕಟಕಟೆಯಲ್ಲಿ ನಿಂತವರನ್ನೇ ತೋರಿಸಿ "ಇವರೇ" ಅಂದರು. ಅಲ್ಲಿ ನಿಂತಿದ್ದವರೇ ಇಬ್ಬರು, ಮತ್ಯಾರನ್ನು ತೋರಿಸಬೇಕು? 40,000 ರೂಪಾಯಿ ಜಪ್ತಿ ಆಗಿದೆ ಅಂತ ಪಂಚನಾಮೆಯಲ್ಲಿತ್ತು. ಪಂಚರಿಬ್ಬರೂ "ಸುಮ್ನೆ ಸಹಿ ಹಾಕಿಸಿಕೊಂಡರು" ಅಂತ ಉಲ್ಟಾ ಹೊಡೆದರು. ಆ ನೋಟು ನನ್ನವೇ ಅಂತ ಹೇಳೋಕೆ ಅದರ ಮೇಲೆ ನನ್ನ ಹೆಸರಿತ್ತೇ?

ಐಪಿಸಿ ಸೆಕ್ಷನ್ 392, ಅಂದರೆ ಸುಲಿಗೆ, 10 ವರ್ಷದವರೆಗೆ ಶಿಕ್ಷೆ ಆಗಬಹುದಾದ ಕೇಸು. 2024ರಲ್ಲಿ ಖುಲಾಸೆ. ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಿಲ್ಲ ಅಂತ ತೀರ್ಪು. ಜಡ್ಜ್ ಮೇಲೆ ನನಗೆ ಸಿಟ್ಟಿಲ್ಲ. ಆ ವಿಡಿಯೊದಲ್ಲಿ ನೋಡಿದರೆ ನನ್ನ ತಮ್ಮನೂ ಕಳ್ಳನ ಹಾಗೇ ಕಾಣುತ್ತಾನೆ.

ಇದೇ ಸೆಟ್ ತಗೊಳ್ಳುವವರು ಒಂದು ಕ್ಯಾಮೆರಾವನ್ನಾದರೂ ಮುಖದ ಎತ್ತರಕ್ಕೆ, ಶಟರ್‌ಗೆ ಬೆನ್ನು ಮಾಡಿ ಹಾಕಿಸಿ. ಬಾಗಿಲ ಮೇಲೆ ಒಂದು ಬಲ್ಬ್ ಇರಲಿ. ಡಿಸ್ಕ್ ದೊಡ್ಡದೇ ತಗೊಳ್ಳಿ. ಏನಾದರೂ ಆದರೆ ಅವತ್ತೇ ಡಿಸ್ಕ್ ಬಿಚ್ಚಿ ಪೊಲೀಸರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಈಗ 65ಬಿ ಹೋಗಿ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಬಂದಿದೆ. ಪ್ರಮಾಣಪತ್ರ ಮಾತ್ರ ಅದರಲ್ಲೂ ಇದೆ.

ನಾನೇ ಮೇಲ್ಮನವಿ ಹಾಕಬಹುದು ಅಂತ ವಕೀಲರು ಹೇಳಿದರು. ಹಾಕಿ ಏನು ತೋರಿಸಲಿ, ಅದೇ ಸುಣ್ಣದ ಮುಖವೇ? ಸದ್ಯ ಮುನೀಮರು ದಿನಾ ಬೆಳಿಗ್ಗೆ ಗಣಪತಿಗೆ ಊದುಬತ್ತಿ ಹಚ್ಚಿ, ಮೊಬೈಲ್ ಹಿಡಿದು ಡಿವಿಆರ್ ಟೈಮ್ ಸರಿ ಮಾಡುತ್ತಾರೆ.