ಪಕ್ಷ ಸಂಘಟನೆ ತರಬೇತಿ: ಶನಿವಾರ ದಂಡ, ಭಾನುವಾರ ತಪ್ಪಿಸಬೇಡಿ

ಬಸವನಗುಡಿಯ ಒಂದು ಸಭಾಂಗಣದಲ್ಲಿ ಖಾಸಗಿ ಸಂಸ್ಥೆಯೊಂದು ನಡೆಸುವ ವಾರಾಂತ್ಯದ ತರಬೇತಿ ಇದು. ಪಕ್ಷದಲ್ಲಿ ಸಂಘಟನೆಯ ಜವಾಬ್ದಾರಿ ಹೊತ್ತವರಿಗೆ, ಹೊರಬೇಕು ಅಂದುಕೊಂಡವರಿಗೆ. ಶುಲ್ಕ 2,500 ರೂಪಾಯಿ, ಊಟ ಕಾಫಿ ಸೇರಿ. ಯಾವ ಪಕ್ಷದವರು ಬೇಕಾದರೂ ಬರಬಹುದು. ಬೈಯೋದೂ ಇದೆ, ಹಾಗಾಗಿ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ನನ್ನದು ಯಾವ ಪಕ್ಷ ಅಂತಲೂ ಹೇಳಲ್ಲ. ವಾರ್ಡ್ ಮಟ್ಟದಲ್ಲಿ ಮಹಿಳಾ ಘಟಕದ ಕಾರ್ಯದರ್ಶಿ, ಅಷ್ಟು ಗೊತ್ತಿದ್ದರೆ ಸಾಕು.

ಬಂದವರಲ್ಲಿ ಹೆಚ್ಚಿನವರು ಟಿಕೆಟ್ ಆಕಾಂಕ್ಷಿಗಳು. ತಪ್ಪೇನಿಲ್ಲ ಬಿಡಿ. ಬೆಂಗಳೂರಿನ ಪಾಲಿಕೆ ಬಿಬಿಎಂಪಿಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂದವು, 198 ಇದ್ದ ವಾರ್ಡ್‌ಗಳು 360 ದಾಟಿದವು. ಇಷ್ಟೊಂದು ಸೀಟು ಅಂದಮೇಲೆ ಆಸೆ ಹುಟ್ಟದೆ ಇರುತ್ತಾ?

ಶನಿವಾರದ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ಕೋಟು ಹಾಕಿದ ತರಬೇತುದಾರರು ಅರ್ಧ ಇಂಗ್ಲಿಷಿನಲ್ಲಿ ದೇಹಭಾಷೆ, ಆತ್ಮವಿಶ್ವಾಸ, ರೀಲ್ಸ್ ಮಾಡೋದು ಹೇಗೆ, ಮೈಕ್ ಹಿಡಿಯೋದು ಹೇಗೆ ಅಂತ ಸ್ಲೈಡ್ ಮೇಲೆ ಸ್ಲೈಡ್ ತೋರಿಸಿದರು. ಯಾವುದೋ ಕಂಪನಿಯ ಸೇಲ್ಸ್ ಟೀಮಿಗೆ ಮಾಡಿದ ಪಾಠಕ್ಕೆ ‘ಪಕ್ಷ’ ಅನ್ನೋ ಪದ ಅಂಟಿಸಿದ್ದರು ಅನ್ನೋದು ಎದ್ದು ಕಾಣುತ್ತಿತ್ತು. ಕಾರ್ಯಕರ್ತರು ಸಂಬಳದ ನೌಕರರಲ್ಲ ಸ್ವಾಮಿ. ಟಾರ್ಗೆಟ್ ಕೊಟ್ಟರೆ ನಾಳೆಯಿಂದ ಫೋನೇ ಎತ್ತಲ್ಲ. ಊಟ ಚೆನ್ನಾಗಿತ್ತು, ಬಿಸಿಬೇಳೆಬಾತಿಗೆ ಬೂಂದಿ ಕೇಳಿದಷ್ಟು ಹಾಕಿದರು.

ಭಾನುವಾರ ಪಾಠ ಮಾಡೋಕೆ ಬಂದವರೇ ಬೇರೆ. ಪಕ್ಷವೊಂದರಲ್ಲಿ ಬಹಳ ವರ್ಷ ಜಿಲ್ಲಾ ಸಂಘಟನೆ ನೋಡಿಕೊಂಡ ಹಿರಿಯರು. ಸ್ಲೈಡ್ ಇಲ್ಲ, ಬೋರ್ಡು ಮತ್ತು ಚಾಕ್‌ಪೀಸು ಅಷ್ಟೇ. ಬಂದವರೇ ಬೋರ್ಡಿನ ಮೇಲೆ ದೊಡ್ಡದಾಗಿ 16 ಅಂತ ಬರೆದರು. ಜಯನಗರದವರು ಯಾರೋ ಹಿಂದಿನ ಸಾಲಿನಿಂದ ‘ಅಯ್ಯೋ’ ಅಂದರು. 2023ರ ವಿಧಾನಸಭೆ ಚುನಾವಣೆಯಲ್ಲಿ ಜಯನಗರ ಕ್ಷೇತ್ರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಎದುರು ಗೆದ್ದ ಅಂತರ ಅದು, ಮರು ಎಣಿಕೆ ಎಲ್ಲ ಆಗಿ. “ಈ 16 ಜನ ಯಾವ ಭಾಷಣ ಕೇಳಿ ಬಂದವರು ಹೇಳಿ ನೋಡೋಣ” ಅಂದರು ಹಿರಿಯರು. ಯಾರೂ ಮಾತಾಡಲಿಲ್ಲ.

ಆಮೇಲೆ ಹುದ್ದೆಯ ವಿಷಯಕ್ಕೆ ಬಂದರು. ಪಕ್ಷದ ಅಧ್ಯಕ್ಷ ಅಂದರೆ ಮದುಮಗ, ಸಂಘಟನೆ ನೋಡುವವನು ಉಗ್ರಾಣದ ಬೀಗದ ಕೈ ಇಟ್ಟುಕೊಂಡವನು ಅಂದರು. ಫೋಟೋದಲ್ಲಿ ಇರಲ್ಲ, ಆದರೆ ಅವನು ಮುನಿಸಿಕೊಂಡರೆ ಎಲೆ ಮೇಲೆ ಅನ್ನ ಬೀಳಲ್ಲ. ಬಿಜೆಪಿಯಲ್ಲಿ ರಾಷ್ಟ್ರಮಟ್ಟದ ಈ ಹುದ್ದೆಗೆ, ಅಂದರೆ ಸಂಘಟನಾ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ, 2019ರಲ್ಲಿ ಬಂದವರು ನಮ್ಮ ಉಡುಪಿ ಕಡೆಯ ಬಿ.ಎಲ್. ಸಂತೋಷ್. ಕಾಂಗ್ರೆಸ್ಸಿನಲ್ಲೂ ಅದೇ ವರ್ಷ ಕೆ.ಸಿ. ವೇಣುಗೋಪಾಲ್ ಬಂದರು. ಹುದ್ದೆಯ ಹೆಸರು ಹೆಚ್ಚುಕಡಿಮೆ ಒಂದೇ, ಕೆಲಸದ ರೀತಿ ಬೇರೆ. ಬಿಜೆಪಿಯಲ್ಲಿ ಈ ಜಾಗಕ್ಕೆ ಸಾಮಾನ್ಯವಾಗಿ ಆರೆಸ್ಸೆಸ್ ಪ್ರಚಾರಕರಾಗಿದ್ದವರು, ಅಂದರೆ ಅದರ ಪೂರ್ಣಾವಧಿ ಕಾರ್ಯಕರ್ತರಾಗಿದ್ದವರು ಬರುತ್ತಾರೆ, ಅವರು ಚುನಾವಣೆಗೆ ನಿಲ್ಲುವ ರೂಢಿ ಇಲ್ಲ. ವೇಣುಗೋಪಾಲ್ 2024ರಲ್ಲಿ ಆಲಪ್ಪುಳದಿಂದ ತಾವೇ ನಿಂತು ಗೆದ್ದು ಲೋಕಸಭೆಗೆ ಹೋದರು.

ಯಾವುದು ಒಳ್ಳೆಯದು ಅನ್ನೋ ಜಗಳ ಅಲ್ಲೇ ಶುರುವಾಯಿತು. ಒಬ್ಬರು ಎದ್ದು, ಟಿಕೆಟ್ ಬೇಡದವನೇ ಟಿಕೆಟ್ ಹಂಚೋಕೆ ಲಾಯಕ್ಕು ಅಂದರು. ಇನ್ನೊಬ್ಬರು, ಜನರ ಮುಂದೆ ನಿಂತು ಓಟು ಕೇಳದವನಿಗೆ ನಮ್ಮ ಕಷ್ಟ ಏನು ಗೊತ್ತು ಅಂದರು. ಕಾಂಗ್ರೆಸ್ 2022ರಲ್ಲಿ ಉದಯಪುರದಲ್ಲಿ ಒಬ್ಬರಿಗೆ ಒಂದೇ ಹುದ್ದೆ ಅಂತ ಹೇಳಿಕೊಂಡರೂ, ಡಿ.ಕೆ. ಶಿವಕುಮಾರ್ 2023ರಲ್ಲಿ ಉಪಮುಖ್ಯಮಂತ್ರಿ ಆದಮೇಲೂ ರಾಜ್ಯ ಕಾಂಗ್ರೆಸ್ (ಕೆಪಿಸಿಸಿ) ಅಧ್ಯಕ್ಷರಾಗೇ ಉಳಿದ ಮಾತೂ ಬಂತು. ನನ್ನ ಪ್ರಕಾರ ಮೊದಲನೆಯವರು ಹೇಳಿದ್ದೇ ಸರಿ. ಟಿಕೆಟ್ ಮೇಲೆ ಕಣ್ಣಿಟ್ಟವರು ಸಂಘಟನೆ ಮಾಡಿದರೆ ತಮ್ಮ ಬಣ ಕಟ್ಟುತ್ತಾರೆ, ಪಕ್ಷ ಕಟ್ಟಲ್ಲ. ನಮ್ಮ ವಾರ್ಡಲ್ಲೇ ನೋಡಿದ್ದೀನಿ.

ಮಧ್ಯಾಹ್ನದ ಅಭ್ಯಾಸಕ್ಕೆ ಪೂರ್ತಿ ಅಂಕ ಕೊಡ್ತೀನಿ. ಪ್ರತಿ ಗುಂಪಿಗೂ ಮತದಾರರ ಪಟ್ಟಿಯ ಮಾದರಿ ಹಾಳೆಗಳು. ಒಂದು ಪುಟದಲ್ಲಿ 30 ಹೆಸರು. ತೀರಿಕೊಂಡವರು, ಮನೆ ಬಿಟ್ಟವರು, ಎರಡು ಕಡೆ ಹೆಸರಿರುವವರು ಯಾರು ಅಂತ ಗುರುತಿಸಿ, ಯಾರಿಗೆ ಯಾವ ಫಾರಂ ಅಂತ ಬರೆಯಬೇಕು. ಹೊಸ ಹೆಸರಿಗೆ 6, ತೆಗೆಸೋಕೆ 7, ವಿಳಾಸ ಬದಲಾವಣೆಗೂ ತಿದ್ದುಪಡಿಗೂ 8. ನಮ್ಮ ಗುಂಪಿನ ಹುಡುಗನೊಬ್ಬ, ಯುವ ಘಟಕದಲ್ಲಿ ದೊಡ್ಡ ಹೆಸರಂತೆ, ಎಲ್ಲದಕ್ಕೂ 6 ಬರೆದಿದ್ದ. ಫ್ಲೆಕ್ಸಲ್ಲಿ ಮುಖ ಇದ್ದರೆ ಏನು ಬಂತು? ಬೆಂಗಳೂರಲ್ಲಂತೂ ಹನ್ನೊಂದು ತಿಂಗಳ ಕರಾರು ಮುಗಿದ ತಕ್ಷಣ ಜನ ಮನೆ ಬದಲಾಯಿಸುತ್ತಾರೆ, ಪಟ್ಟಿ ಹಳೇ ಮನೆಯಲ್ಲೇ ಕೂತಿರುತ್ತೆ. 2023ರಲ್ಲಿ ರಾಜ್ಯದ ಮತದಾನ ಶೇ 73 ದಾಟಿದರೂ ಈ ಊರು ಶೇ 54ರ ಆಸುಪಾಸಲ್ಲೇ ನಿಂತಿದ್ದಕ್ಕೆ ಜನರ ಸೋಮಾರಿತನ ಒಂದೇ ಕಾರಣ ಅಲ್ಲ. ಮತದಾನ ಮುಗಿದ ಮೇಲೆ ಬೂತ್ ಏಜೆಂಟ್ 17ಸಿ ಫಾರಂನ ಪ್ರತಿ ಇಸ್ಕೊಳ್ಳದೆ ಮನೆಗೆ ಹೋಗಬಾರದು ಅನ್ನೋದನ್ನೂ ಒತ್ತಿ ಹೇಳಿದರು. ಆ ಬೂತಲ್ಲಿ ಎಷ್ಟು ಓಟು ಬಿತ್ತು ಅನ್ನೋದರ ಲೆಕ್ಕ ಅದರಲ್ಲಿರುತ್ತೆ.

ಕೊನೆಗೆ ಒಂದು ನಾಟಕ. ವಾರ್ಡ್ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಕಚ್ಚಾಡುತ್ತಾರೆ, ಸಂಘಟನಾ ಕಾರ್ಯದರ್ಶಿ ಸಮಾಧಾನ ಮಾಡಬೇಕು. ನನ್ನನ್ನೇ ಕಾರ್ಯದರ್ಶಿ ಮಾಡಿದರು. ಪಾತ್ರ ಮಾಡಿದ ಇಬ್ಬರಲ್ಲಿ ಒಬ್ಬರಿಗೆ ನಿಜವಾಗಿಯೂ ಅದೇ ಗಾಯ ಇತ್ತು ಅನ್ಸುತ್ತೆ, “ಹದಿನೈದು ವರ್ಷ ಬಾವುಟ ಕಟ್ಟಿದ್ದೀನಕ್ಕ, ನಿನ್ನೆ ಬಂದವನಿಗೆ ಕೊಡ್ತೀರಾ?” ಅಂತ ಕಣ್ಣು ಕೆಂಪು ಮಾಡಿಕೊಂಡರು. ನಾನು ಜಿಲ್ಲಾ ಮಟ್ಟದಲ್ಲಿ ಏನೋ ಒಂದು ಹುದ್ದೆ ಕೊಡ್ತೀವಿ ಅಂದೆ. ಹಿರಿಯರು ತಡೆದರು. “ಹುದ್ದೆ ಆಮೇಲೆ ಕೊಡಿ ಮೇಡಂ, ಮೊದಲು ಅವರು ಹೇಳೋದನ್ನ ಪೂರ್ತಿ ಕೇಳಿ. ಸಭೆಯಲ್ಲಿ ಬೇಡ, ಅವರ ಮನೆಗೆ ಹೋಗಿ ಕೇಳಿ.”

ಇನ್ನು ತಕರಾರು. ಎರಡೂ ದಿನ ಸೇರಿ ಒಬ್ಬ ಹೆಂಗಸೂ ಪಾಠ ಮಾಡಲಿಲ್ಲ. ಮಹಿಳಾ ಘಟಕದ ಪ್ರಸ್ತಾಪ ಬಂದಿದ್ದು ಸಮಾವೇಶಕ್ಕೆ ಜನ ಸೇರಿಸುವ ಭಾಗದಲ್ಲಿ ಮಾತ್ರ. ಮನೆ ಮನೆಗೆ ಹೋಗಿ ಅಡುಗೆಮನೆ ತನಕ ಮಾತಾಡಿ ಬರೋರು ನಾವು, ನಮ್ಮ ಕೈಗೆ ಕೊಡೋದು ಆರತಿ ತಟ್ಟೆ. ಎರಡನೆಯದು ದುಡ್ಡು. ಬೂತ್ ಹುಡುಗರ ಪೆಟ್ರೋಲ್, ಟೀ, ಜೆರಾಕ್ಸ್ ಖರ್ಚು ಎಲ್ಲಿಂದ ಬರಬೇಕು, ಲೆಕ್ಕ ಯಾರಿಗೆ ಕೊಡಬೇಕು ಅಂತ ಕೇಳಿದೆ. “ಅದು ಊಟ ಆದಮೇಲೆ” ಅಂತ ಹಿರಿಯರು ನಕ್ಕರು. ಊಟ ಆಯಿತು, ಕಾಫಿನೂ ಆಯಿತು, ಉತ್ತರ ಬರಲಿಲ್ಲ. ಅಷ್ಟು ಅನುಭವ ಇರೋರೇ ಜಾರಿಕೊಂಡರೆ ನಮ್ಮಂಥವರು ಯಾರನ್ನ ಕೇಳೋದು?

ಟಿಕೆಟಿಗೆ ದಾರಿ ಹುಡುಕೋರು ಹೋಗಬೇಡಿ, ಬೇಜಾರಾಗುತ್ತೆ. ಬೂತ್, ವಾರ್ಡ್, ಬ್ಲಾಕ್ ಅಥವಾ ಮಂಡಲದಲ್ಲಿ ಈಗಾಗಲೇ ಓಡಾಡುತ್ತಿರೋರು ಹೋಗಿ. ಭಾನುವಾರ ಮಾತ್ರ ಬರ್ತೀವಿ, ಅರ್ಧ ತಗೊಳ್ಳಿ ಅಂದರೆ ಒಪ್ಪಲ್ಲ, ಕೇಳಿ ನೋಡಿದ್ದೀನಿ. ನ್ಯಾಷನಲ್ ಕಾಲೇಜ್ ಮೆಟ್ರೋ ಇಳಿದು ನಡೆದು ಹೋಗಬಹುದು, ಗಾಡಿ ನಿಲ್ಲಿಸೋಕೆ ಜಾಗ ಇಲ್ಲ.